ಮರುಭೂಮಿಯ ಕೆಳಗಿನ ನೀರುಗುಹೆಗಳಿಗೆ ಇಳಿಯುವುದು ಹೇಗೆ? ಚಿತ್ರದುರ್ಗದಲ್ಲೇ ಅಭ್ಯಾಸ ಮಾಡಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಊರು ಚಿತ್ರದುರ್ಗ, ನೇತ್ರಾಣಿಯಲ್ಲಿ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತ) ಮುಗಿದಿದೆ. ಆಸ್ಟ್ರೇಲಿಯಾದ ನಲ್ಲರ್ಬಾರ್ ಬಯಲಿನ ಕೆಳಗಿರುವ ನೀರು ತುಂಬಿದ ಗುಹೆಗಳಿಗೆ ಜನ ಹೇಗೆ ಇಳಿಯುತ್ತಾರೆ, ಅದಕ್ಕೆ ಮುಂಚೆ ಚಂದ್ರವಳ್ಳಿಯಲ್ಲೋ ಕೋಟೆಯ ಹೊಂಡದಲ್ಲೋ ಅಭ್ಯಾಸ ಮಾಡಬಹುದೇ? ನಾನು ದಾವಣಗೆರೆಯವನು, ನಿಮ್ಮ ಕಡೆಯ ಕಲ್ಲು ನೀರು ಎರಡರ ಪರಿಚಯವೂ ಇದೆ. ಅಭ್ಯಾಸದ ಬಗ್ಗೆ ಉತ್ತರ ಚಿಕ್ಕದು: ಅಲ್ಲಿ ಬೇಡ, ಬೇರೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ. ಮೊದಲ ಭಾಗಕ್ಕೆ ಉದ್ದವಾಗಿ ಬರೆಯಲೇಬೇಕು. ಆ ಗುಹೆಗಳ ಚಿತ್ರ ನೋಡಿದವರೆಲ್ಲ ಕತ್ತಲಿಗೆ, ಆಳಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಅಲ್ಲಿನ ನಿಂತ ನೀರಿಗೆ.

ಮೊದಲು ಕಲ್ಲಿನ ವಿಷಯ. ಚಂದ್ರವಳ್ಳಿಯದು ಗ್ರಾನೈಟ್. ಅಲ್ಲಿನ ಗವಿಗಳು ಬಂಡೆಗಳ ನಡುವಿನ ಸಂದುಗಳು, ಜನ ಕೊರೆದ ಕೋಣೆಗಳು. ನೀರು ಕಲ್ಲನ್ನು ಕರಗಿಸಿ ಮಾಡಿದ ಗುಹೆ ಬೇಕೆಂದರೆ ಸುಣ್ಣದ ಕಲ್ಲೋ ಅಂಥದೇ ಕರಗುವ ಕಲ್ಲೋ ಆಗಬೇಕು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಬಿರುಕಿಗೆ ಇಳಿದು ಲಕ್ಷಾಂತರ ವರ್ಷಗಳಲ್ಲಿ ಸುಣ್ಣದ ಕಲ್ಲನ್ನು ತಿಂದು ಹಾಕುತ್ತದೆ. ನಲ್ಲರ್ಬಾರ್ ಒಂದು ಕಾಲದ ಸಮುದ್ರತಳ. ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿ.ಮೀ., ಅಂದರೆ ನಮ್ಮ ಇಡೀ ರಾಜ್ಯಕ್ಕಿಂತ ತುಸು ದೊಡ್ಡ ಒಂದೇ ಸುಣ್ಣದ ಹಾಸು. ಮಳೆ ಚಳ್ಳಕೆರೆಗಿಂತ ಬಹಳ ಕಡಿಮೆ, ಮೇಲೆ ಒಂದು ಹೊಳೆಯೂ ಹರಿಯುವುದಿಲ್ಲ. ಆದರೆ ನೆಲದಿಂದ ಸುಮಾರು 90 ಮೀಟರ್ ಕೆಳಗೆ, ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ, ಅಂತರ್ಜಲ ನಿಂತಿದೆ. ನಮ್ಮಲ್ಲಿ 800 ಅಡಿ ಬೋರ್ ಕೊರೆಸಿದರೂ ಬರೀ ಧೂಳು ಏಳುವುದುಂಟು, ಅಲ್ಲಿ 300 ಅಡಿಗೆ ಕೆರೆ. ಕುಡಿಯಲು ಬಾರದ ಉಪ್ಪುನೀರು ಅನ್ನುವುದು ಬೇರೆ ಮಾತು.

ಇವುಗಳಲ್ಲಿ ಹೆಸರಾದದ್ದು ಕಾಕಲ್‌ಬಿಡ್ಡಿ. 6 ಕಿ.ಮೀ.ಗೂ ಉದ್ದದ, ಬಹುಪಾಲು ನೇರವಾಗಿ ಸಾಗುವ ನೀರಿನ ಸುರಂಗ. ನಡುವೆ ಎರಡು ಕಡೆ ಚಾವಣಿ ಎತ್ತರವಾಗಿ ಗಾಳಿಯಿರುವ ಕೋಣೆಗಳಿವೆ. 1983ರಲ್ಲಿ ಮೊದಲು ಫ್ರೆಂಚ್ ತಂಡ, ಅದೇ ವರ್ಷ ಆಸ್ಟ್ರೇಲಿಯನ್ ತಂಡ ಇದರ ಕೊನೆಯ ಭಾಗದವರೆಗೆ ಹೋದವು. ಹತ್ತಾರು ಸಿಲಿಂಡರ್‌ಗಳನ್ನು ತೇಲುವ ಸ್ಲೆಡ್‌ಗೆ ಕಟ್ಟಿ ನೀರಿನಡಿ ತಳ್ಳಿಕೊಂಡು ಹೋದರು. ಮರುಭೂಮಿಗಳಲ್ಲಿ ಇಂಥವು ಬೇರೆಯೂ ಇವೆ. ನಮೀಬಿಯಾದ ಡ್ರ್ಯಾಗನ್ಸ್ ಬ್ರೆತ್ ಗುಹೆಯೊಳಗಿನ ಕೆರೆ 1986ರಲ್ಲಿ ಪತ್ತೆಯಾಯಿತು. ಅಮೆರಿಕದ ನೆವಾಡಾದಲ್ಲಿ ಡೆವಿಲ್ಸ್ ಹೋಲ್ ಇದೆ, 33 ಡಿಗ್ರಿಯ ಬೆಚ್ಚನೆ ನೀರು. 1965ರಲ್ಲಿ ಅಲ್ಲಿ ಇಳಿದ ಇಬ್ಬರು ಹುಡುಗರು ಮೇಲೆ ಬರಲೇ ಇಲ್ಲ. ಈಗ ಅದು ಅಪರೂಪದ ಪುಟ್ಟ ಮೀನೊಂದರ ರಕ್ಷಿತ ಜಾಗ, ಸಾರ್ವಜನಿಕರು ಇಳಿಯುವಂತಿಲ್ಲ.

ಈಗ ನಿಂತ ನೀರಿನ ಮಾತು. ಫ್ಲಾರಿಡಾದ ಬುಗ್ಗೆಗುಹೆಗಳಲ್ಲಿ ನೀರು ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಒಳಗೆ ಹೋಗುವಾಗ ಕಷ್ಟ, ವಾಪಸ್ ಬರುವಾಗ ಸಲೀಸು, ಎಬ್ಬಿಸಿದ ಹೂಳನ್ನೂ ಹರಿವೇ ಒಯ್ದುಬಿಡುತ್ತದೆ. ಗುಹೆ ಡೈವಿಂಗ್‌ನ ಪ್ರಸಿದ್ಧ 'ಮೂರನೇ ಒಂದು' ನಿಯಮ ಜನಪ್ರಿಯವಾದದ್ದು ಅಂಥ ಕಡೆ: ಗಾಳಿಯ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ತುರ್ತಿಗೆ. ನಲ್ಲರ್ಬಾರ್‌ನಲ್ಲಿ ಹರಿವಿನ ಆ ಸಹಾಯ ಇಲ್ಲ. ಅಲ್ಲಿ ಈ ನಿಯಮ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಕಾಗದ ಪೆನ್ನು ಹಿಡಿದು ನೀವೇ ಲೆಕ್ಕ ಹಾಕಿ ನೋಡಿ.

12 ಲೀಟರಿನ ಎರಡು ಸಿಲಿಂಡರ್, 210 ಬಾರ್ (ಬಾರ್ ಒತ್ತಡದ ಅಳತೆ, ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಒಟ್ಟು 24 × 210 = 5040 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 20 ಮೀಟರ್ ಆಳದಲ್ಲಿ, 3 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ 60 ಲೀಟರ್ ಬಳಸುತ್ತಾನೆ. ಮೂರನೇ ಒಂದು ಭಾಗ ಅಂದರೆ 70 ಬಾರ್, 1680 ಲೀಟರ್, 28 ನಿಮಿಷ. ನಿಮಿಷಕ್ಕೆ 12 ಮೀಟರಿನಂತೆ ಸುಮಾರು 336 ಮೀಟರ್ ಒಳಗೆ ಹೋಗಿರುತ್ತೀರಿ. ಸರಿಯಾಗಿ ಅಲ್ಲಿ ಜೊತೆಗಾರನ ಗಾಳಿ ಪೂರ್ತಿ ಹೋಯಿತು ಅಂದುಕೊಳ್ಳಿ. ನಿಮ್ಮಲ್ಲಿ ಉಳಿದಿರುವುದು 140 ಬಾರ್, 3360 ಲೀಟರ್. ಇಬ್ಬರೂ ಶಾಂತವಾಗಿದ್ದರೆ ನಿಮಿಷಕ್ಕೆ 120 ಲೀಟರ್, 28 ನಿಮಿಷ, ಗುಹೆಯ ಹೊರಬಾಯಿಗೆ ತಲುಪುವ ಹೊತ್ತಿಗೆ ಸೊನ್ನೆ. ಆದರೆ ಆ ಹೊತ್ತಿನಲ್ಲಿ ಯಾರೂ ಶಾಂತವಾಗಿರುವುದಿಲ್ಲ. ಉಸಿರು ಒಂದೂವರೆ ಪಟ್ಟಾದರೆ ನಿಮಿಷಕ್ಕೆ 180 ಲೀಟರ್. ಗಾಳಿ 19 ನಿಮಿಷಕ್ಕೂ ಸಾಲದು. ಹೊರಬಾಯಿ ಇನ್ನೂ ನೂರು ಮೀಟರ್ ಆಚೆ ಇರುವಾಗ ಇಬ್ಬರಿಗೂ ಮುಗಿಯುತ್ತದೆ.

ಅದೇ ಲೆಕ್ಕವನ್ನು ಆರನೇ ಒಂದು ಭಾಗಕ್ಕೆ ಹಾಕಿ. 35 ಬಾರ್ ಬಳಸಿ, 14 ನಿಮಿಷಕ್ಕೆ ತಿರುಗಿದಿರಿ. ಉಳಿದದ್ದು 175 ಬಾರ್, 4200 ಲೀಟರ್. ಇಬ್ಬರೂ ಗಾಬರಿಯಲ್ಲೇ ಬಂದರೂ 14 × 180 = 2520 ಲೀಟರ್ ಸಾಕು. ಇನ್ನೂ 9 ನಿಮಿಷದ ಗಾಳಿ ಕೈಯಲ್ಲಿದೆ, ವಾಪಸ್ ದಾರಿ ತೋರುವ ಹಗ್ಗ ಹುಡುಕಲು, ಸಿಕ್ಕಿಕೊಂಡದ್ದನ್ನು ಬಿಡಿಸಲು. ಹೊಸಬರು ನಿಂತ ನೀರಿನಲ್ಲಿ ಒಳಗೆ ಹೋಗಲು ಆರನೇ ಒಂದಕ್ಕಿಂತ ಹೆಚ್ಚು ಬಳಸಕೂಡದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಇನ್ನೂ ದೂರ ಹೋಗಬೇಕಾದವರು ದಾರಿಯುದ್ದಕ್ಕೂ ಹೆಚ್ಚುವರಿ ಸಿಲಿಂಡರ್ ಇಟ್ಟು ಬರುತ್ತಾರೆ, ಇಲ್ಲವೇ ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರೀಬ್ರೀದರ್ ಬಳಸುತ್ತಾರೆ. ಅದು ವರ್ಷಗಳ ಕಲಿಕೆ. ಮತ್ತೊಂದು ಮಾತು: ಇಬ್ಬರ ಸಿಲಿಂಡರ್ ಅಳತೆ ಬೇರೆಯಾಗಿದ್ದರೆ ಬಾರ್‌ನಲ್ಲಿ ಲೆಕ್ಕ ಹಾಕಬೇಡಿ, ಲೀಟರಿನಲ್ಲಿ ಹಾಕಿ. ಕಡಿಮೆ ಗಾಳಿ ಇರುವವರ ಲೆಕ್ಕವೇ ಇಬ್ಬರಿಗೂ ಲೆಕ್ಕ.

ಈ ಲೆಕ್ಕವನ್ನು ಬಿಸಿಲು ಕೆಡಿಸುತ್ತದೆ. ಕಂಪ್ರೆಸರ್ ತುಂಬಿದ ಸಿಲಿಂಡರ್ ಬಯಲಿನ ಬಿಸಿಗೆ 50 ಡಿಗ್ರಿ ಮುಟ್ಟಿರುತ್ತದೆ, ಗೇಜ್ 232 ಬಾರ್ ತೋರಿಸುತ್ತದೆ. 20 ಡಿಗ್ರಿಯ ನೀರಿಗೆ ಇಳಿದ ಮೇಲೆ ಅದೇ ಸಿಲಿಂಡರ್ 210 ಬಾರ್‌ಗೆ ಬರುತ್ತದೆ. ಸೋರಿಕೆ ಏನೂ ಆಗಿಲ್ಲ, ಗಾಳಿ ತಣ್ಣಗಾಯಿತು ಅಷ್ಟೆ. ಆದ್ದರಿಂದ ಯಾವ ಒತ್ತಡಕ್ಕೆ ವಾಪಸ್ ತಿರುಗಬೇಕು ಎಂಬುದನ್ನು ಮೇಲೆ ಕೂತು ಸ್ಲೇಟಿನಲ್ಲಿ ಬರೆದುಕೊಳ್ಳಬೇಡಿ, ನೀರಿನಲ್ಲಿ ಹತ್ತು ನಿಮಿಷ ನಿಂತು ಗೇಜ್ ನೋಡಿ ಬರೆಯಿರಿ. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪು ಜನರೇಟರ್ ಹೊಗೆಗೆ ಎದುರುಗಾಳಿಯ ಕಡೆ ಎತ್ತರದಲ್ಲಿರಬೇಕು, ಗಾಳಿಯ ದಿಕ್ಕು ಬದಲಾದಾಗಲೆಲ್ಲ ಅದನ್ನೂ ಸರಿಸಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮೇಲೆ ಏನೂ ಅನ್ನಿಸದ ಪ್ರಮಾಣ 20 ಮೀಟರಿನಲ್ಲಿ ಮೂರು ಪಟ್ಟು ಕೆಲಸ ಮಾಡುತ್ತದೆ. ಬಿಸಿಲಿಗೆ, ಧೂಳಿಗೆ ಫಿಲ್ಟರ್ ಕೂಡ ಪುಸ್ತಕದಲ್ಲಿ ಬರೆದಷ್ಟು ಗಂಟೆ ಬಾಳುವುದಿಲ್ಲ.

ಇನ್ನು ಹೂಳು ಮತ್ತು ಹಗ್ಗ. ನಲ್ಲರ್ಬಾರ್‌ನ ನೀರು ಎಷ್ಟು ತಿಳಿ ಅಂದರೆ ಲೈಟು ಮುಟ್ಟಿದಷ್ಟು ದೂರ ಗೋಡೆ ಕಾಣುತ್ತದೆ. ದಾರಿ ಕಾಣುತ್ತಿದೆಯಲ್ಲ, ಹಗ್ಗ ಯಾಕೆ ಅನ್ನಿಸುವುದು ಆಗಲೇ. ಆದರೆ ತಳದಲ್ಲಿ ನುಣ್ಣನೆಯ ಸುಣ್ಣದ ಹೂಳು ಕೂತಿರುತ್ತದೆ. ಕಾಲನ್ನು ಮೇಲೆ ಕೆಳಗೆ ಬಡಿದರೆ ಅರ್ಧ ನಿಮಿಷದಲ್ಲಿ ಕೈಯೇ ಕಾಣುವುದಿಲ್ಲ, ಹರಿವಿಲ್ಲದ್ದರಿಂದ ಅದು ಗಂಟೆಗಟ್ಟಲೆ ಇಳಿಯುವುದಿಲ್ಲ. ತಳ ಮುಟ್ಟದಿದ್ದರೂ ತೊಂದರೆ ತಪ್ಪದು: ನಿಮ್ಮ ಉಸಿರಿನ ಗುಳ್ಳೆಗಳು ಮೆದು ಚಾವಣಿಗೆ ಬಡಿದು ಪುಡಿ ಉದುರಿಸುತ್ತವೆ. ಹೋಗುವಾಗ ನಿಮಗದು ಕಾಣದು, ಏಕೆಂದರೆ ಅದು ನಿಮ್ಮ ಬೆನ್ನ ಹಿಂದೆ ಉದುರುತ್ತಿರುತ್ತದೆ. ತಿರುಗಿದಾಗ ಎದುರಿಗೆ ಹಾಲುಬಣ್ಣದ ನೀರು. ಕಪ್ಪೆಯಂತೆ ಮಂಡಿ ಮಡಿಸಿ ಹಿಂದಕ್ಕೆ ಮಾತ್ರ ತಳ್ಳುವ ಫ್ರಾಗ್ ಕಿಕ್, ಕಾಲನ್ನು ಅಲುಗಿಸದೆ ನೀರಿನ ನಡುವೆ ಅಡ್ಡಡ್ಡ ತೇಲಿ ನಿಲ್ಲುವುದು, ಇವೆರಡು ಬಾರದಿದ್ದರೆ ಗುಹೆಯ ಮಾತೇ ಬೇಡ. ಮುಳುಗಲು ಕಟ್ಟಿಕೊಳ್ಳುವ ತೂಕವನ್ನೂ ಗಾಳಿ ಖಾಲಿಯಾಗುವ ಕೊನೆಯ ಹೊತ್ತಿಗೆ ಸರಿಹೊಂದುವಂತೆ ಕಟ್ಟಿಕೊಳ್ಳಬೇಕು. ಮೇಲೆ ಹೇಳಿದ 5040 ಲೀಟರ್ ಗಾಳಿಯ ತೂಕವೇ ಸುಮಾರು 6 ಕೆ.ಜಿ. ಅದು ಖಾಲಿಯಾದಂತೆ ನೀವು ಹಗುರಾಗಿ ಚಾವಣಿಗೆ ಅಂಟಿಕೊಳ್ಳುತ್ತೀರಿ. ಉಪ್ಪುನೀರಿನ ಮೇಲೆ ಕಡಿಮೆ ಉಪ್ಪಿನ ನೀರು ನಿಂತಿರುವ ಕಡೆ, ಆ ಎರಡರ ಗಡಿಯಲ್ಲಿ, ಕಾದ ದೋಸೆಹಂಚಿನ ಮೇಲಿನ ಗಾಳಿಯಂತೆ ನೋಟ ಕದಡುತ್ತದೆ. ಅದು ಹೂಳಲ್ಲ, ಒಂದಡಿ ಮೇಲೋ ಕೆಳಗೋ ಹೋದರೆ ಮತ್ತೆ ತಿಳಿ.

ಹಗ್ಗವನ್ನು ಬೆಳಕಿರುವ, ನೇರ ಮೇಲೇರಬಹುದಾದ ಜಾಗದಲ್ಲಿ ಮೊದಲ ಗಂಟು ಹಾಕಿ ಶುರುಮಾಡಬೇಕು. ಸ್ವಲ್ಪ ಒಳಗೆ ಎರಡನೆಯ ಗಂಟು, ಮೊದಲನೆಯದು ಬಿಚ್ಚಿದರೂ ಇದು ಉಳಿಯಲಿ ಎಂದು. ಮುಂದೆ ಪ್ರತಿ ತಿರುವಿನಲ್ಲೂ ಕಲ್ಲಿಗೆ ಸುತ್ತಿ ಬಿಗಿ ಕೊಡಬೇಕು. ಇಲ್ಲದಿದ್ದರೆ ಎಳೆದಂತೆ ಹಗ್ಗ ಒಳತಿರುವಿನ ಸಂದಿಗೆ ಜಾರಿ ಕೂರುತ್ತದೆ. ಕಣ್ಣಿಗೆ ದಾರಿ ಕಾಣುವಾಗ ಅದು ಯಾರಿಗೂ ಗೊತ್ತಾಗುವುದಿಲ್ಲ. ಹೂಳೆದ್ದ ಮೇಲೆ ಕೈಯಲ್ಲಿ ಹಗ್ಗ ಹಿಡಿದು ಬಂದವನು, ಹಗ್ಗ ಮಾತ್ರ ತೂರುವ, ಮೈ ತೂರದ ಸಂದಿಗೆ ಬಂದು ನಿಲ್ಲುತ್ತಾನೆ. ಕವಲುಗಳಲ್ಲಿ ಹೊರಬಾಯಿಯ ಕಡೆ ಮುಖಮಾಡಿದ ಬಾಣದ ಗುರುತು ಹಾಕುತ್ತಾರೆ. ಅದು ಕೈಸ್ಪರ್ಶಕ್ಕೇ ತಿಳಿಯುವಂಥ ತ್ರಿಕೋನ. ಲೈಟು ಒಬ್ಬೊಬ್ಬರಿಗೆ ಮೂರು, ಒಂದೊಂದೂ ಇಡೀ ಡೈವ್‌ಗಿಂತ ಹೆಚ್ಚು ಹೊತ್ತು ಉರಿಯಬೇಕು. ಯಾವುದೇ ಒಂದು ಕೆಟ್ಟರೂ ಅಲ್ಲಿಂದಲೇ ವಾಪಸ್. ಗಾಳಿಕೋಣೆ ಸಿಕ್ಕಿತೆಂದು ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಮೂತಿ) ತೆಗೆಯಬೇಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಟ್ಟಿರಬಹುದು, ಮೀಟರ್ ಹಿಡಿದು ನೋಡಬೇಕು.

ಡೈವ್ ಮುಗಿಸಿ ನೀರಿನಿಂದ ಎದ್ದರೆ ಎದುರಿಗೆ 90 ಮೀಟರ್ ಏರು, ಸಡಿಲ ಬಂಡೆಗಳ ಇಳಿಜಾರು. ನೀರಿನಿಂದ ಹೊರಗೆ ಜೋಡಿ ಸ್ಟೀಲ್ ಸಿಲಿಂಡರ್ ಸುಮಾರು 35 ಕೆ.ಜಿ. ಡೈವ್ ಆದ ಕೂಡಲೇ ಅದನ್ನು ಹೊತ್ತು ಏರಿದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಏರುತ್ತದೆ. ಡೈವ್ ಮಾಡಿದವರು ಹೊರುವುದಿಲ್ಲ, ಹಗ್ಗ, ರಾಟೆಗಳಿಂದ ಬೇರೆಯವರು ಎಳೆಯುತ್ತಾರೆ. ಹಾಗಾದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಚೇಂಬರ್ ಇರುವ ಆಸ್ಪತ್ರೆ ಪರ್ತ್‌ನಲ್ಲೋ ಅಡಿಲೇಡ್‌ನಲ್ಲೋ, ಸಾವಿರ ಕಿ.ಮೀ.ಗೂ ದೂರ. ಹಾಗಾಗಿ ಮೇಲೆ ಆಕ್ಸಿಜನ್ ಸಿಲಿಂಡರ್, ಸ್ಯಾಟಲೈಟ್ ಫೋನ್ ಇಲ್ಲದೆ ಯಾರೂ ಇಳಿಯುವುದಿಲ್ಲ. ಮರುಭೂಮಿ ಎಂದು ಮಳೆಯನ್ನೂ ಮರೆಯುವಂತಿಲ್ಲ. 1988ರಲ್ಲಿ ಪ್ಯಾನಿಕಿನ್ ಪ್ಲೇನ್ಸ್ ಗುಹೆಯಲ್ಲಿ ಬಿರುಮಳೆಗೆ ಬಾಯಿಯೇ ಕುಸಿದು ತಂಡದ ಹಲವರು ಒಳಗೆ ಸಿಕ್ಕಿಬಿದ್ದರು. ಬಂಡೆಗಳ ನಡುವೆ ಬೇರೆ ದಾರಿ ಹುಡುಕಿ ಎಲ್ಲರೂ ಬದುಕಿ ಬಂದರು.

ಈಗ ನಿಮ್ಮ ಅಭ್ಯಾಸ. ಚಂದ್ರವಳ್ಳಿಯಲ್ಲಿ ಡೈವ್ ಮಾಡುವ ಗುಹೆಯಿಲ್ಲ, ಕೋಟೆಯ ಹೊಂಡಗಳು ರಕ್ಷಿತ ಸ್ಮಾರಕದ ಭಾಗ, ನೀರು ತುಂಬಿದ ಕಲ್ಲುಕ್ವಾರಿಗಳಲ್ಲಿ ತಂತಿ, ಮರ, ಹಳೇ ಯಂತ್ರ ಎಲ್ಲ ಮುಳುಗಿರುತ್ತದೆ. ಹಗ್ಗದ ಅಭ್ಯಾಸ ನೆಲದ ಮೇಲೆಯೇ ಮಾಡಿ, ಕೋರ್ಸ್‌ಗಳಲ್ಲೂ ಹಾಗೇ ಶುರುಮಾಡಿಸುತ್ತಾರೆ. ಚನ್ನಗಿರಿ ಕಡೆಯ ಯಾವುದಾದರೂ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ, ಮಂಡಿಯೆತ್ತರದಲ್ಲಿ, ತಿರುವುಗಳಿರುವಂತೆ 50 ಮೀಟರ್ ದಾರ ಕಟ್ಟಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಿಂದಿನವನು ಮುಂದಿನವನ ತೋಳು ಹಿಡಿದು, ಹೆಬ್ಬೆರಳು ತೋರುಬೆರಳಿನ ಉಂಗುರದೊಳಗೆ ದಾರ ಬಿಟ್ಟುಕೊಂಡು ನಡೆಯಿರಿ. ಆಮೇಲೆ ಒಬ್ಬರು ನಿಮ್ಮನ್ನು ದಾರದಿಂದ ನಾಲ್ಕು ಹೆಜ್ಜೆ ಆಚೆ ಬಿಡಲಿ. ಕೈಯಲ್ಲಿರುವ ಚಿಕ್ಕ ರೀಲಿನ ದಾರದ ತುದಿಯನ್ನು ಹತ್ತಿರದ ಮರಕ್ಕೆ ಕಟ್ಟಿ, ಅದರ ಅಳತೆಯಲ್ಲೇ ಸುತ್ತಾಡಿ ಮೊದಲ ದಾರವನ್ನು ಹುಡುಕಿ. ಈಜುಕೊಳದಲ್ಲಿ ಫ್ರಾಗ್ ಕಿಕ್, ತಳದಿಂದ ಒಂದಡಿ ಮೇಲೆ ಅಲುಗಾಡದೆ ಐದು ನಿಮಿಷ ನಿಲ್ಲುವುದು. ಸುಣ್ಣದ ಕಲ್ಲನ್ನು ನೀರು ಹೇಗೆ ತಿನ್ನುತ್ತದೆಂದು ನೋಡಬೇಕಿದ್ದರೆ ಅನಂತಪುರ, ತಾಡಿಪತ್ರಿ ದಾರಿಯಲ್ಲಿ ಬೇಲಂ ಗುಹೆಗೆ ಹೋಗಿ ಬನ್ನಿ. 3 ಕಿ.ಮೀ.ಗೂ ಉದ್ದದ ಒಣಗುಹೆ, ಗೋಡೆಗಳ ನುಣುಪಿನಲ್ಲೇ ಹಳೆಯ ಹರಿವು ಓದಬಹುದು.

ಆಮೇಲಿನ ಮೆಟ್ಟಿಲು ಹೀಗೆ: ಅಡ್ವಾನ್ಸ್ಡ್, ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಸಿದ ಗಾಳಿ), ರೆಸ್ಕ್ಯೂ ಕೋರ್ಸ್‌ಗಳು, ಸಮುದ್ರದಲ್ಲಿ ನೂರರ ಹತ್ತಿರ ಡೈವ್. ನಂತರ ಮೆಕ್ಸಿಕೋದ ಯುಕಟಾನ್‌ನಲ್ಲೋ ಫ್ಲಾರಿಡಾದಲ್ಲೋ ಹಗಲಬೆಳಕು ಕಾಣುವಷ್ಟು ದೂರ ಮಾತ್ರ ಹೋಗುವ ಕ್ಯಾವರ್ನ್ ಕೋರ್ಸ್‌ನಿಂದ ಶುರುಮಾಡಿ ಪೂರ್ಣ ಗುಹೆ ಕೋರ್ಸ್‌ವರೆಗೆ. ಆಸ್ಟ್ರೇಲಿಯಾದಲ್ಲೇ ಕಲಿಯುವುದಾದರೆ ಮೌಂಟ್ ಗ್ಯಾಂಬಿಯರ್. 1973ರಲ್ಲಿ ಅಲ್ಲಿನ ಸಿಂಕ್‌ಹೋಲ್ ಒಂದರಲ್ಲಿ ನಾಲ್ವರು ಸತ್ತ ಕಾಲಕ್ಕೆ ಹುಟ್ಟಿದ ಕೇವ್ ಡೈವರ್ಸ್ ಅಸೋಸಿಯೇಷನ್ ಆಫ್ ಆಸ್ಟ್ರೇಲಿಯಾ ಇವತ್ತಿಗೂ ಹಂತಹಂತದ ಅರ್ಹತೆ ಕೊಡುತ್ತದೆ. ನಲ್ಲರ್ಬಾರ್ ಗುಹೆಗಳಿಗೆ ಆ ಅರ್ಹತೆ, ಜೊತೆಗೆ ಅಲ್ಲಿನ ಸರಕಾರದ ಅನುಮತಿ ಎರಡೂ ಬೇಕು. ಆ ನೆಲ ಮಿರ್ನಿಂಗ್ ಎಂಬ ಮೂಲನಿವಾಸಿ ಜನರದು, ಕೆಲವು ಗುಹೆಗಳ ಪ್ರವೇಶ ಆಗಾಗ ನಿಲ್ಲಿಸುತ್ತಾರೆ. ಟಿಕೆಟ್ ತೆಗೆಯುವ ಮೊದಲೇ ನೀವು ಹೋಗಬೇಕೆಂದಿರುವ ಗುಹೆ ತೆರೆದಿದೆಯೇ ಎಂದು ಆ ಸಂಘಕ್ಕೆ ಬರೆದು ಕೇಳಿ.