ತೋಟ ಮಾರುವ ಮಾತು ಬೇಡ

ಪ್ರಶ್ನೆ: ನನ್ನ ಅಣ್ಣನಿಗೆ 44 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ ಇದೆ. ಹಗಲಲ್ಲಿ ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕತ್ತಲಾದರೆ ಹಳ್ಳದ ಸಂಕ ದಾಟಲೂ ಆಗುವುದಿಲ್ಲ. ಪಾಚಿಯ ಜೀನ್ ಹಾಕಿ ಕುರುಡರಿಗೆ ದೃಷ್ಟಿ ತಂದಿದ್ದಾರಂತೆ. ಒಂದೆಕರೆ ಅಡಿಕೆ ತೋಟ ಮಾರಿಯಾದರೂ ಮಾಡಿಸೋಣ ಅಂತಿದ್ದೇವೆ. ಎಲ್ಲಿಗೆ ಹೋಗಬೇಕು?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ದಯವಿಟ್ಟು ತೋಟ ಮಾರಬೇಡಿ. ನೀವು ಓದಿದ್ದು ಸುಳ್ಳಲ್ಲ. ಆದರೆ ಆ ಪ್ರಯೋಗ ನಡೆದದ್ದು ನಿಮ್ಮ ಅಣ್ಣನಂಥವರ ಮೇಲಲ್ಲ.

ಆರ್‌ಪಿಯಲ್ಲಿ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆ, ಅಂದರೆ ರೆಟಿನಾದ ಬೆಳಕು ಹಿಡಿಯುವ ಕೋಶಗಳು ನಿಧಾನಕ್ಕೆ ಸಾಯುತ್ತವೆ. ಮಿದುಳಿಗೆ ಸುದ್ದಿ ಮುಟ್ಟಿಸುವ ಗ್ಯಾಂಗ್ಲಿಯನ್ ಕೋಶಗಳು ಮಾತ್ರ ಎಷ್ಟೋ ವರ್ಷ ಉಳಿದಿರುತ್ತವೆ. ಹಸಿರು ಪಾಚಿಯಲ್ಲಿ ಬೆಳಕನ್ನು ಗ್ರಹಿಸುವ ಪ್ರೋಟೀನ್ ಇದೆ. ಅದರ ಜೀನನ್ನು ಕಾಯಿಲೆ ತರದ ವೈರಸ್ಸಿನಲ್ಲಿಟ್ಟು ಕಣ್ಣಿಗೆ ಚುಚ್ಚುತ್ತಾರೆ. ಆಗ ಗ್ಯಾಂಗ್ಲಿಯನ್ ಕೋಶಗಳೇ ಬೆಳಕು ಹಿಡಿಯಲು ಶುರು ಮಾಡುತ್ತವೆ. ಯಾವ ಜೀನ್ ಕೆಟ್ಟು ಆರ್‌ಪಿ ಬಂದಿದ್ದರೂ ಈ ದಾರಿ ತೆರೆದಿರುತ್ತದೆ. ನನಗೆ ಇದರ ಮೇಲೆ ಅಷ್ಟು ಆಸೆ ಇರುವುದು ಅದಕ್ಕೇ.

2021ರಲ್ಲಿ ಈ ಚಿಕಿತ್ಸೆಯ ಸಂಶೋಧಕರಾದ ಸಾಹೆಲ್, ರೋಸ್ಕಾ ಮತ್ತು ಸಂಗಡಿಗರು 58 ವರ್ಷದ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಅವರಿಗೆ ಬೆಳಕಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ತರಬೇತಿ ಪಡೆದ ಮೇಲೆ ಮೇಜಿನ ಮೇಲಿದ್ದ ನೋಟ್‌ಬುಕ್ ಹುಡುಕಿ ಮುಟ್ಟಿದರು. ಲೋಟ ಎಣಿಸಿದರು. ರಸ್ತೆ ದಾಟುವ ಕಡೆಯ ಬಿಳಿ ಪಟ್ಟಿ ಕಂಡಿತು. ಅದೂ ಕ್ಯಾಮೆರಾ ಇರುವ ವಿಶೇಷ ಕನ್ನಡಕ ಹಾಕಿದಾಗ ಮಾತ್ರ. ಮುಖ ಗುರುತು ಹಿಡಿಯುವಷ್ಟು, ಪೇಪರ್ ಓದುವಷ್ಟು ದೃಷ್ಟಿ ಅಲ್ಲ ಅದು. ಏನೂ ಕಾಣದವರಿಗೆ ಅಷ್ಟು ಸಿಕ್ಕರೂ ದೊಡ್ಡದೇ, ಅಲ್ವಾ? ಆದರೆ ನಿಮ್ಮ ಅಣ್ಣನಿಗೆ ಇವತ್ತು ಉಳಿದಿರುವ ದೃಷ್ಟಿ ಅದಕ್ಕಿಂತ ಬಹಳ ಜಾಸ್ತಿ. ಮೊದಲು ಅದನ್ನು ಕಾಪಾಡೋಣ.

ಆರ್‌ಪಿ ಇದ್ದವರಿಗೆ ಬೇಗ ಪೊರೆ ಬರಬಹುದು, ರೆಟಿನಾದ ನಡುಭಾಗದಲ್ಲಿ ಊತ ಬರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಶಿವಮೊಗ್ಗದಲ್ಲಿ ನಾನು ನೋಡುವ ಎಷ್ಟೋ ಮಂದಿ 'ಆರ್‌ಪಿಗೆ ಏನೂ ಮಾಡಕ್ಕಾಗಲ್ಲ' ಅಂತ ಸುಮ್ನೆ ಕೂತುಬಿಟ್ಟಿರುತ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ. ರೆಟಿನಾ ತಜ್ಞರ ಹತ್ತಿರ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಿ. ಜೀನ್ ಪರೀಕ್ಷೆಯ ಬಗ್ಗೆಯೂ ಕೇಳಿ. ಆರ್‌ಪಿಇ65 ಎಂಬ ಜೀನಿನ ದೋಷಕ್ಕೆ ಅಮೆರಿಕದಲ್ಲಿ 2017ರಲ್ಲೇ ಬೇರೊಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದೆ. ಅಪ್ಪ ಅಮ್ಮ ಸಂಬಂಧದೊಳಗೇ ಮದುವೆಯಾದವರಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಳೆ ಹಿಡಿಯುವ ಮೊದಲು ಸಂಕಕ್ಕೆ ಎರಡೂ ಕಡೆ ಕೈಹಿಡಿ ಕಟ್ಟಿಸಿ. ನೋಟದ ವ್ಯಾಪ್ತಿ ತೀರಾ ಕಿರಿದಾಗಿದ್ದರೂ ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿಗೆ ಅರ್ಜಿ ಹಾಕಿ.

'ಪ್ರಯೋಗಕ್ಕೆ ಸೇರಿಸುತ್ತೇವೆ, ಇಷ್ಟು ಲಕ್ಷ ತನ್ನಿ' ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಸರಿಯಾದ ಪ್ರಯೋಗದಲ್ಲಿ ಪರೀಕ್ಷಿಸುವ ಔಷಧಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಅದಕ್ಕೆ ನಮ್ಮ ದೇಶದ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆಯೂ ಇರಬೇಕು. ಮೊದಲು ಅದನ್ನು ಕೇಳಿ.