ಹ್ಯಾಮ್ ರೇಡಿಯೊ: ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕ್ಲಬ್ಬಿನ ರಿಪೀಟರ್ (ದುರ್ಬಲ ಸಿಗ್ನಲ್ ಕೇಳಿ, ಬೇರೆ ಆವರ್ತನದಲ್ಲಿ ಜೋರಾಗಿ ಮರಳಿ ಕಳಿಸುವ ಯಂತ್ರ) ಗುಡ್ಡದ ತುದಿಯಲ್ಲಿದೆ. ಹತ್ತಿರದವರ ದನಿ ಸ್ವಚ್ಛ. ದೂರದ ಎಸ್ಟೇಟುಗಳಿಂದ ಕರೆದರೆ ಒಂದು ಕ್ಷಣ ಎತ್ತಿಕೊಂಡು ಆಮೇಲೆ ತುಂಡುತುಂಡಾಗುತ್ತದೆ. ಪವರ್ ಏರಿಸಿದ ಮೇಲೆ ಇನ್ನೂ ಹದಗೆಟ್ಟಿತು.
– ಮೂಡಿಗೆರೆಯ ಓದುಗರು

ಉತ್ತರ: ಮೊದಲು ಪವರ್ ಇಳಿಸಿ. ನಿಮ್ಮ ರಿಪೀಟರ್ ತನ್ನದೇ ಗದ್ದಲಕ್ಕೆ ಕಿವುಡಾಗುತ್ತಿದೆ. ಇದಕ್ಕೆ ಡಿಸೆನ್ಸ್ ಅನ್ನುತ್ತಾರೆ. ದುರ್ಬಲ ಸಿಗ್ನಲ್ ಬಂದೊಡನೆ ಟ್ರಾನ್ಸ್‌ಮಿಟರ್ ಏಳುತ್ತದೆ, ಅದರ ಗದ್ದಲದಲ್ಲಿ ಅದೇ ಸಿಗ್ನಲ್ ಮುಳುಗುತ್ತದೆ, ಟ್ರಾನ್ಸ್‌ಮಿಟರ್ ನಿಂತೊಡನೆ ಮತ್ತೆ ಕೇಳಿಸುತ್ತದೆ.

2 ಮೀಟರ್ ಬ್ಯಾಂಡಿನಲ್ಲಿ ಕೇಳುವ, ಕಳಿಸುವ ಆವರ್ತನಗಳ ಅಂತರ ಬರೀ 600 ಕಿಲೋಹರ್ಟ್ಜ್. ಒಂದೇ ಆಂಟೆನಾದಿಂದ 25 ವ್ಯಾಟ್ ಹೊರಡುತ್ತಿರುವಾಗಲೇ ಕಾಲು ಮೈಕ್ರೋವೋಲ್ಟಿನ ಸಿಗ್ನಲ್ ಒಳಬರಬೇಕು. ಅದಕ್ಕೆ ಡುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳಿಸುವ, ಕೇಳುವ ದಾರಿಗಳನ್ನು ಬೇರ್ಪಡಿಸುವ ಫಿಲ್ಟರ್) 80–90 ಡೆಸಿಬೆಲ್ ತಡೆ ಕೊಡಬೇಕು; ಆರು ದೊಡ್ಡ ಕ್ಯಾವಿಟಿಗಳದ್ದೇ (ಟ್ಯೂನ್ ಮಾಡಿದ ಲೋಹದ ಡಬ್ಬಗಳದ್ದೇ) ಸರಿ. ಅಗ್ಗಕ್ಕೆ ಸಿಗುವ ಚಪ್ಪಟೆ ಡಬ್ಬಿಗಳು 4–5 ಮೆಗಾಹರ್ಟ್ಜ್ ಅಂತರಕ್ಕೆ ಮಾಡಿದವು. ನಮ್ಮ 144–146 ಮೆಗಾಹರ್ಟ್ಜ್ ಬ್ಯಾಂಡೇ ಅಷ್ಟು ಅಗಲವಿಲ್ಲ!

ಪರೀಕ್ಷೆ ಹೀಗೆ: ದೂರದವರೊಬ್ಬರಿಗೆ ಮಾತಾಡುತ್ತಲೇ ಇರಲು ಹೇಳಿ, ರಿಸೀವರಿನ ಸ್ಪೀಕರಿಗೆ ಕಿವಿಗೊಟ್ಟು ಟ್ರಾನ್ಸ್‌ಮಿಟರನ್ನು ಆರಿಸಿ, ಹಾಕಿ ನೋಡಿ. ಹಾಕಿದಾಗ ಸರಸರ ಸದ್ದು ಏರಿದರೆ ಡಿಸೆನ್ಸ್ ಖಚಿತ. ಆಮೇಲೆ ಆಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಆಂಟೆನಾದ ಬದಲು ಪವರ್ ನುಂಗುವ ರೆಸಿಸ್ಟರ್) ಕಟ್ಟಿ, ಸ್ಯಾಂಪ್ಲರ್ (ಸಾಲಿಗೆ ಸ್ವಲ್ಪವೇ ಸಿಗ್ನಲ್ ಸೇರಿಸುವ ಕೊಂಡಿ) ಮೂಲಕ ಸಿಗ್ನಲ್ ಜನರೇಟರಿನಿಂದ ಅಷ್ಟೇ ದುರ್ಬಲ ಸಿಗ್ನಲ್ ಬಿಡಿ. (ನೇರ ಟೀ ಕನೆಕ್ಟರ್ ಹಾಕಬೇಡಿ, ಜನರೇಟರ್ ಸುಟ್ಟೀತು.) ತೊಂದರೆ ಮಾಯವಾದರೆ ತಪ್ಪು ಮೇಲೆ, ಆಂಟೆನಾ-ಟವರಿನ ಕಡೆ ಇದೆ: ನೀರು ಹೊಕ್ಕ ಕನೆಕ್ಟರ್, ಸಡಿಲ ಬೋಲ್ಟ್, ತುಕ್ಕು ಹಿಡಿದ ಟವರ್ ಸಂದು. ಗಾಳಿ ಬೀಸಿದಾಗಷ್ಟೇ ಕರಕರ ಎಂದರೆ ಬಹುತೇಕ ತುಕ್ಕೇ. ತೊಂದರೆ ಉಳಿದರೆ ಡುಪ್ಲೆಕ್ಸರನ್ನು ಮತ್ತೆ ಟ್ಯೂನ್ ಮಾಡಿಸಿ. ಒಳಗಿನ ಆರ್‌ಜಿ-58 ಕೇಬಲ್ ತುಂಡುಗಳನ್ನು ಕಿತ್ತು ಎರಡು ಪದರ ಹೆಣಿಗೆಯ ಆರ್‌ಜಿ-400 ಹಾಕಿ.

ಪ್ರಶ್ನೆ: ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ರೇಡಿಯೊ) ರಿಪೀಟರ್ ಚೆನ್ನಾಗಿ ಕೇಳುತ್ತದೆ, ನಾನು ಒತ್ತಿದರೆ ಏಳುವುದಿಲ್ಲ.
– ಸೋಮವಾರಪೇಟೆಯ ಓದುಗರು

ಉತ್ತರ: ಶಿಫ್ಟ್ (ಕೇಳುವ, ಕಳಿಸುವ ಆವರ್ತನಗಳ ಅಂತರ) ಮೈನಸ್ 600 ಇದೆಯೇ, ಕಳಿಸುವ ಟೋನ್ (ರಿಪೀಟರನ್ನು ಎಬ್ಬಿಸುವ ಸಣ್ಣ ಸ್ವರ) ಆನ್ ಆಗಿದೆಯೇ ನೋಡಿ. ಅವು ಸರಿಯಿದ್ದರೆ ಕಾರಣ ಸರಳ: ಅಲ್ಲಿಂದ 25 ವ್ಯಾಟ್, ಕಣಿವೆಯಿಂದ ನಿಮ್ಮದು 5. ಆಂಟೆನಾ ಬುಡದ ಲೋಹದ ಉಂಗುರಕ್ಕೆ 49 ಸೆಂಟಿಮೀಟರ್ ತಂತಿ ಸಿಕ್ಕಿಸಿ ಕೆಳಗೆ ಇಳಿಬಿಡಿ. ನಡುವಿನ ಪಿನ್ನಿಗೆ ತಾಗಕೂಡದು. ಒಂದೆರಡು ಹೆಜ್ಜೆ ಅತ್ತಿತ್ತ ಸರಿದೂ ನೋಡಿ. ಗುಡ್ಡಕ್ಕೆ ಬಡಿದು ಬರುವ ಅಲೆಗಳು ಒಂದು ಜಾಗದಲ್ಲಿ ಪರಸ್ಪರ ಅಳಿಸಿಕೊಂಡರೆ ಪಕ್ಕದಲ್ಲೇ ಕೂಡಿಕೊಳ್ಳುತ್ತವೆ.

ಪ್ರಶ್ನೆ: ಸೋಲಾರ್ ಪ್ಯಾನೆಲಿನಿಂದ ನಡೆಯುವ ರಿಪೀಟರಿಗೆ ಮಳೆಗಾಲಕ್ಕೆ ಎಷ್ಟು ಬ್ಯಾಟರಿ ಬೇಕು?
– ಸಕಲೇಶಪುರದ ಓದುಗರು

ಉತ್ತರ: ಕಳಿಸುವಾಗ 6 ಆಂಪಿಯರ್, ಸುಮ್ಮನಿದ್ದಾಗ 0.4 ಎಂದಿಟ್ಟುಕೊಳ್ಳಿ. ದಿನದ ಹತ್ತರಲ್ಲೊಂದು ಭಾಗ ಕಳಿಸಿದರೆ 23 ಆಂಪಿಯರ್-ಅವರ್, ಬಿಸಿಲಿಲ್ಲದ ಐದು ದಿನಕ್ಕೆ 115. ಲೆಡ್ ಆಸಿಡ್ಡನ್ನು ಅರ್ಧಕ್ಕಿಂತ ಇಳಿಸಬಾರದು, ಹಾಗಾಗಿ 230; ಲಿಥಿಯಂ ಫಾಸ್ಫೇಟ್ ಆದರೆ 150 ಸಾಕು. ಜುಲೈಯ ಮಂಜಿನಲ್ಲಿ ಪ್ಯಾನೆಲ್ ದೊಡ್ಡದು ಮಾಡಿ ಹೆಚ್ಚೇನೂ ಸಿಗದು. ಟೈಮ್-ಔಟನ್ನು (ಒಂದೇ ಸಮನೆ ಕಳಿಸುವ ಮಿತಿ) 3 ನಿಮಿಷಕ್ಕಿಡಿ, ಮಾತು ಮುಗಿದ ಮೇಲೂ ರಿಪೀಟರ್ ಕಳಿಸುತ್ತಲೇ ಇರುವ ಬಾಲವನ್ನು ಅರ್ಧ ಸೆಕೆಂಡಿಗೆ ಕತ್ತರಿಸಿ.