ಅಡ್ಮಿನ್ ಅಕೌಂಟ್ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡುವ ಮೊದಲು ಇಷ್ಟು ನೋಡಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಎರಡು ಅಕೌಂಟ್ ಇವೆ, ಮಗಳದ್ದು ಸರಿಯಾಗಿ ತೆರೆಯುತ್ತದೆ, ನಿಮ್ಮ ಅಡ್ಮಿನ್ ಅಕೌಂಟ್ (ಸಾಫ್ಟ್‌ವೇರ್ ಹಾಕುವ, ಸೆಟ್ಟಿಂಗ್ ಬದಲಿಸುವ ಪೂರ್ತಿ ಅಧಿಕಾರ ಇರುವುದು) ಮಾತ್ರ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಮಗಳ ಅಕೌಂಟಿನಿಂದ ಸ್ಕ್ಯಾನರ್ ಸಾಫ್ಟ್‌ವೇರ್ ಹಾಕಲು ಹೋದರೆ ಅಲ್ಲೂ ಅದೇ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅಲ್ವಾ? ಮೇಲಿನ ಉತ್ತರಗಳಲ್ಲಿ ಇಬ್ಬರು ಫಾರ್ಮ್ಯಾಟ್ ಮಾಡಿಬಿಡಿ, ಅಂದರೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಅಂದಿದ್ದಾರೆ. ದಯವಿಟ್ಟು ಈಗಲೇ ಮಾಡಬೇಡಿ. ಹಳೆಯ ಫೋಟೋಗಳೆಲ್ಲ ಆ ಅಕೌಂಟಿನಲ್ಲೇ ಇವೆ ಅಂತ ಬರೆದಿದ್ದೀರಿ. ಇಂಥ ತೊಂದರೆ ಎಷ್ಟೋ ಸಲ ಒಂದು ಫೈಲೂ ಹೋಗದೆ ಸರಿಯಾಗುತ್ತದೆ.

ಮೊದಲು ಕೀಬೋರ್ಡ್ ನೋಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಯಾರೂ ನಿಧಾನವಾಗಿ ನೋಡುವುದಿಲ್ಲ. ಪಾಸ್‌ವರ್ಡ್ ಟೈಪ್ ಮಾಡಿ, ಎಂಟರ್ ಒತ್ತಬೇಡಿ. ಪೆಟ್ಟಿಗೆಯ ಬಲತುದಿಯಲ್ಲಿ ಕಣ್ಣಿನ ಗುರುತು ಬರುತ್ತದೆ, ಅದನ್ನು ಒತ್ತಿ ಹಿಡಿದರೆ ನೀವು ಟೈಪ್ ಮಾಡಿದ್ದು ಕಾಣುತ್ತದೆ. ಪಾಸ್‌ವರ್ಡಿನಲ್ಲಿ ಇಮೇಲಿನ ಅಟ್ ಗುರುತು ಇದ್ದರೆ ಅದನ್ನು ಸರಿಯಾಗಿ ಗಮನಿಸಿ. ಕೀಬೋರ್ಡಿನ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ, ಅಮೆರಿಕದ್ದರಿಂದ ಬ್ರಿಟನ್ನಿನದಕ್ಕೆ ಬದಲಾಗಿದ್ದರೆ ಅಟ್ ಗುರುತೂ ಜೋಡಿ ಉದ್ಧರಣ ಚಿಹ್ನೆಯೂ ಅದಲುಬದಲಾಗುತ್ತವೆ. ಬೆರಳು ಸರಿಯಾದ ಕೀಯನ್ನೇ ಒತ್ತಿರುತ್ತದೆ, ಹೋಗುವುದು ಮಾತ್ರ ಬೇರೆ ಅಕ್ಷರ. ಒಂದಕ್ಕಿಂತ ಜಾಸ್ತಿ ಲೇಔಟ್ ಹಾಕಿದ್ದರೆ ಲಾಗಿನ್ ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಅಕ್ಷರಗಳು ಕಾಣುತ್ತವೆ, ಅಲ್ಲಿಂದಲೇ ಬದಲಾಯಿಸಬಹುದು. ಕನ್ನಡ ಕೀಬೋರ್ಡ್ ಹಾಕಿಕೊಂಡವರಿಗೂ ಇದೇ ಮಾತು.

ಇನ್ನೊಂದು ಗೊಂದಲ ಪಿನ್ನಿನದು. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯಲ್ಲಿ ಪಿನ್ ಹಾಕಿದರೆ ತಪ್ಪು ಅಂತಲೇ ಬರುತ್ತದೆ. 'ಸೈನ್ ಇನ್ ಆಪ್ಶನ್ಸ್' ಒತ್ತಿದರೆ ಎರಡಕ್ಕೂ ಬೇರೆ ಬೇರೆ ಗುರುತು ಸಿಗುತ್ತವೆ, ನೀವು ಯಾವುದರಲ್ಲಿ ಇದ್ದೀರಿ ನೋಡಿ.

ಸುಮ್ನೆ ಊಹಿಸಿ ಊಹಿಸಿ ಹಾಕುತ್ತಾ ಹೋಗಬೇಡಿ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಂಪ್ಯೂಟರುಗಳಲ್ಲಿ 10 ಸಲ ತಪ್ಪಾದರೆ ಅಕೌಂಟ್ 10 ನಿಮಿಷ ಲಾಕ್ ಆಗುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಅದನ್ನು ನೋಡಿ ಸರಿಯಾಗಿದ್ದ ಪಾಸ್‌ವರ್ಡೇ ತಪ್ಪು ಅಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಕಾಲು ಗಂಟೆ ಬಿಟ್ಟು ಒಂದೇ ಸಲ, ನೋಡಿಕೊಂಡು ಹಾಕಿ.

ಇಷ್ಟಾದರೂ ಆಗಲಿಲ್ಲ ಅಂದರೆ ಅದು ಯಾವ ಬಗೆಯ ಅಕೌಂಟ್ ಅಂತ ಗೊತ್ತಾಗಬೇಕು. ಮುಂದಿನ ದಾರಿ ಪೂರ್ತಿ ಇದರ ಮೇಲೆ ನಿಂತಿದೆ. ಕಂಪ್ಯೂಟರ್ ಹೊಸದಾಗಿ ಶುರು ಮಾಡುವಾಗ ಇಮೇಲ್ ವಿಳಾಸ ಕೊಟ್ಟಿದ್ದರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟಿದ್ದರೆ ಲೋಕಲ್ ಅಕೌಂಟ್.

ಮೈಕ್ರೋಸಾಫ್ಟ್ ಅಕೌಂಟ್ ಆದರೆ ಸುಲಭ. ಮೊಬೈಲಿನಿಂದ ಮೈಕ್ರೋಸಾಫ್ಟ್ ಲಾಗಿನ್ ಪುಟಕ್ಕೆ ಹೋಗಿ, ಪಾಸ್‌ವರ್ಡ್ ಮರೆತಿದೆ ಅಂತ ಕೊಟ್ಟು ಹೊಸದು ಮಾಡಿಕೊಳ್ಳಿ. ಆದರೆ ಇಲ್ಲೊಂದು ವಿಷಯ ಇದೆ. ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲದಿದ್ದರೆ ಪಾಸ್‌ವರ್ಡ್ ಬದಲಾದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ, ಅದು ಹಳೆಯ ಪಾಸ್‌ವರ್ಡನ್ನೇ ಹಿಡಿದು ಕೂತಿರುತ್ತದೆ. ಲಾಗಿನ್ ಪರದೆಯ ಮೂಲೆಯಲ್ಲೇ ವೈಫೈ ಗುರುತು ಇರುತ್ತದೆ, ಮೊದಲು ಅಲ್ಲಿ ಕನೆಕ್ಟ್ ಮಾಡಿ, ಆಮೇಲೆ ಹೊಸದನ್ನು ಹಾಕಿ. ಪರದೆಯಲ್ಲಿ ಕಾಣುವ ತಾರೀಕನ್ನೂ ನೋಡಿ. ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಗುಂಡಗಿನ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ತಾರೀಕು ತಪ್ಪಿದ್ದರೆ ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಆಗುವುದಿಲ್ಲ, ಎಲ್ಲ ಸರಿ ಇದ್ದರೂ ಲಾಗಿನ್ ಆಗುವುದಿಲ್ಲ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ತಾರೀಕು ಸರಿ ಮಾಡಿ, ಬಿಡುವಾದಾಗ ಬ್ಯಾಟರಿ ಬದಲಿಸಿ. ಹೆಚ್ಚಿನವುಗಳಲ್ಲಿ ಸಿಆರ್ 2032 ಅನ್ನುವುದೇ ಇರುತ್ತದೆ.

ಲೋಕಲ್ ಅಕೌಂಟ್ ಆದರೆ, ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ ಪೆಟ್ಟಿಗೆಯ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಅಂತ ಬರುತ್ತದಾ ನೋಡಿ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಲೋಕಲ್ ಅಕೌಂಟಿಗೂ ಮೂರು ಭದ್ರತಾ ಪ್ರಶ್ನೆ ಇಡಬಹುದು. ಉತ್ತರ ನಿಜ ಆಗಿರಬೇಕಿಲ್ಲ, ಅವತ್ತು ಟೈಪ್ ಮಾಡಿದ್ದೇ ಆಗಿರಬೇಕು. ಕಂಪ್ಯೂಟರ್ ಸೆಟಪ್ ಮಾಡಿಕೊಟ್ಟವರು ಬೇರೆಯವರಾದರೆ ಅವರನ್ನೇ ಕೇಳಿ.

ಮಗಳ ಅಕೌಂಟಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, 'ಯುವರ್ ಇನ್ಫೋ' ತೆರೆದು ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಅಂತ ಇದೆಯಾ ನೋಡಿ. ಪಾಸ್‌ವರ್ಡ್ ಕೇಳುತ್ತಿದೆ ಅಂದರೆ ಬಹುಶಃ ಇರಲ್ಲ. ಮನೆಯಲ್ಲಿ ಬೇರೆ ಯಾರದ್ದಾದರೂ ಅಡ್ಮಿನ್ ಅಕೌಂಟ್ ಇದ್ದರೆ ಅಲ್ಲಿಂದ ನಿಮ್ಮ ಲೋಕಲ್ ಪಾಸ್‌ವರ್ಡ್ ಬದಲಿಸಬಹುದು. ಫೋಟೋಗಳಿಗೆ ಏನೂ ಆಗುವುದಿಲ್ಲ. ಆದರೆ ವಿಂಡೋಸಿನಲ್ಲೇ ಎನ್‌ಕ್ರಿಪ್ಟ್ ಮಾಡಿಟ್ಟ (ಕೀ ಇಲ್ಲದೆ ಓದಲಾಗದ ಹಾಗೆ ಗುಪ್ತವಾಗಿ ಬದಲಿಸಿದ) ಫೈಲುಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಕೈತಪ್ಪಬಹುದು. ಇದು ಗೊತ್ತಿದ್ದು ಮಾಡಿ.

ಸಾಫ್ಟ್‌ವೇರ್ ಹಾಕಲು ಹೋದಾಗ ಕೆಲವರಿಗೆ ಪಾಸ್‌ವರ್ಡ್ ಕೇಳುವುದೇ ಇಲ್ಲ, 'ಯೆಸ್' ಬಟನ್ ಮಂಕಾಗಿ ಒತ್ತಲು ಬಾರದ ಹಾಗೆ ಇರುತ್ತದೆ. ಹಾಗಿದ್ದರೆ ಆ ಕಂಪ್ಯೂಟರಿನಲ್ಲಿ ಚಾಲ್ತಿಯಲ್ಲಿರುವ ಅಡ್ಮಿನ್ ಅಕೌಂಟೇ ಉಳಿದಿಲ್ಲ ಅಂತ ಅರ್ಥ. ಅಂಥವರು ಸೇಫ್ ಮೋಡಿಗೆ (ಅಗತ್ಯ ಭಾಗಗಳಷ್ಟೇ ಶುರುವಾಗುವ ವಿಂಡೋಸ್) ಹೋಗಬೇಕು. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4ರ ಕೀ ಒತ್ತಿ. ವಿಂಡೋಸಿನಲ್ಲಿ ಮೊದಲಿನಿಂದಲೇ ಇರುವ, ಮಾಮೂಲಿಯಾಗಿ ಮುಚ್ಚಿಟ್ಟಿರುವ ಅಡ್ಮಿನಿಸ್ಟ್ರೇಟರ್ ಅಕೌಂಟ್ ಇಂಥ ಆಪತ್ತಿಗೆ ಅಂತಲೇ ಅಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಅಡ್ಮಿನ್ ಅಕೌಂಟ್ ಜೀವಂತ ಇರುವುದರಿಂದ ನಿಮಗೆ ಈ ದಾರಿ ಸಿಗುವುದಿಲ್ಲ, ಇಲ್ಲಿ ಓದುವ ಬೇರೆಯವರಿಗೆ ಆಗಲಿ ಅಂತ ಬರೆದೆ.

ಈಗ ಮುಖ್ಯವಾದದ್ದು. ಮೇಲೆ ಹೇಳಿದ ಶಿಫ್ಟ್ ಹಿಡಿದು ರೀಸ್ಟಾರ್ಟ್ ಮಾಡಿದಾಗ ಬರುವ ರಿಕವರಿ ಪರದೆಯಲ್ಲಿ ಏನಾದರೂ ಮಾಡುವ ಮೊದಲು ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಶನ್) ಕೀ ಹುಡುಕಿಟ್ಟುಕೊಳ್ಳಿ. 48 ಅಂಕಿಗಳ ಉದ್ದದ ಕೀ ಅದು. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ನೀವು ಕೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಡಿಸ್ಕ್ ಲಾಕ್ ಆಗಿ ಕೀ ಸಿಗದಿದ್ದರೆ ಆ ಫೋಟೋಗಳನ್ನು ಯಾರೂ ತೆಗೆದುಕೊಡಲಾರರು, ಮೈಕ್ರೋಸಾಫ್ಟಿನವರೂ ಅಷ್ಟೇ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಧೈರ್ಯವಾಗಿರಿ. ಲಿನಕ್ಸ್ (ವಿಂಡೋಸ್ ಬದಲು ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ, ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರಿನದನ್ನು ತೆರೆದು ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಇಮೇಲ್ ಕೊಟ್ಟು ಮಾಡಿದ ಅಕೌಂಟಾದರೆ ಫೋಲ್ಡರಿಗೆ ಇಮೇಲಿನ ಮೊದಲ ಐದು ಅಕ್ಷರಗಳಷ್ಟೇ ಹೆಸರಾಗಿರುತ್ತವೆ, ಗಾಬರಿ ಆಗಬೇಡಿ. ಕಾಪಿ ಆದ ಫೋಟೋಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆ, ಬೇರೆ ದಾರಿಯೇ ಇಲ್ಲ ಅಂದರೆ ಮಾತ್ರ ಫಾರ್ಮ್ಯಾಟ್. ಪಾಸ್‌ವರ್ಡ್ ಒಡೆಯುವ ಸಾಫ್ಟ್‌ವೇರ್ ಅಂತ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಬೇಡಿ. ಅದರ ಜೊತೆ ವೈರಸ್ ಬಂದರೆ ಇರುವ ಫೈಲುಗಳಿಗೂ ಕುತ್ತು.

ಒಳಗೆ ಹೋದ ಕೂಡಲೇ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿಡಿ, ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಸದ್ಯಕ್ಕೆ ತಪ್ಪು ಅಂತ ಬರುವ ಪರದೆಯ ಫೋಟೋ ತೆಗೆದು ಇಲ್ಲಿ ಹಾಕಿ, ಇಮೇಲ್ ಕಾಣದಂತೆ ಮುಚ್ಚಿ. ಮಗಳ ಅಕೌಂಟಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದರೆ ವಿಂಡೋಸ್ ಆವೃತ್ತಿ ಸಿಗುತ್ತದೆ, ಅದನ್ನೂ ಬರೆಯಿರಿ. ನೋಡಿ ಹೇಳುತ್ತೇನೆ.